ಆಷಾಢದಲ್ಲಿ ಲೆನ್ಸು ಕೊಳ್ಳಲು ಹೊರಟವರಿಗೆ

ಊರೂರಿನಲ್ಲಿ ಮದುವೆ ಫೋಟೋ ತೆಗೆಯುವ ಕಿರಿಯ ಗೆಳೆಯರೇ, ಗೆಳತಿಯರೇ,



ಆಷಾಢ ನಮಗೆ ಬಿಡುವಿನ ತಿಂಗಳು. ಛತ್ರಗಳಿಗೆ ಬೀಗ, ಕ್ಯಾಮೆರಾ ಬ್ಯಾಗಿಗೆ ಸಿಲಿಕಾ ಜೆಲ್. ಬೇಸಿಗೆಯ ಮದುವೆಗಳ ಬಾಕಿ ಅಷ್ಟಿಷ್ಟು ಕೈಗೆ ಬಂದಿರುತ್ತದೆ, ಶ್ರಾವಣಕ್ಕೆ ಮುಂಗಡ ಸಿಕ್ಕಿರುತ್ತದೆ. ಹಳೆಯ ಸಾಮಾನು ಕೈ ಬದಲಾಯಿಸುವುದೂ ಹೆಚ್ಚಾಗಿ ಇದೇ ಹೊತ್ತಿಗೆ. ನಿಮ್ಮಲ್ಲಿ ಹಲವರು ಸ್ಟುಡಿಯೋಗೆ ಬಂದೋ ಫೋನ್ ಮಾಡಿಯೋ ಕೇಳುತ್ತಿರುವ ಪ್ರಶ್ನೆ ಒಂದೇ: "ಸಾರ್, ಸಿಗ್ಮಾ 18-35 ಸೆಕೆಂಡ್ ಹ್ಯಾಂಡ್ ಸಿಗ್ತಾ ಇದೆ. ಫೋಕಸ್ ಒಂಚೂರು ತೊಂದರೆ ಅಂತಾರೆ. ತಗೊಳ್ಳಲಾ ಬೇಡವಾ?" ಗಿರಾಕಿಗಳ ನಡುವೆ ನಿಂತು ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಎಲ್ಲರಿಗೂ ಸೇರಿಸಿ ಬರೆದುಬಿಡೋಣ ಎಂದು ಕೂತಿದ್ದೇನೆ.

ಮೊದಲು ಲೆನ್ಸಿಗೆ ಸಲ್ಲಬೇಕಾದ ಮಾತು ಸಲ್ಲಲಿ. 2013ರ ಏಪ್ರಿಲಿನಲ್ಲಿ ಸಿಗ್ಮಾ ಕಂಪನಿ ಇದನ್ನು ಪ್ರಕಟಿಸಿದಾಗ, ಎಪಿಎಸ್-ಸಿ ಡಿಎಸ್‌ಎಲ್‌ಆರ್‌ಗಳಿಗೆ ಜೂಮಿನ ಉದ್ದಕ್ಕೂ ಎಫ್1.8 ಕೊಡುವ ಲೆನ್ಸು ಬೇರೊಂದಿರಲಿಲ್ಲ. ಜಪಾನಿನ ಐಜುವಿನ ಕಾರ್ಖಾನೆಯಿಂದ ಬರುವ ಇದರೊಳಗೆ 12 ಗುಂಪುಗಳಲ್ಲಿ 17 ಗಾಜುಗಳಿವೆ. ತೂಕ 810 ಗ್ರಾಂ. ಆಗಿನ ಬೆಲೆ ಅಮೆರಿಕದಲ್ಲಿ 799 ಡಾಲರ್. ಆ ಬೆಲೆಗೆ ಅಂಥ ಗಾಜು ಹೇಗೆ ಕೊಟ್ಟರೋ ಎಂದು ಬಲ್ಲವರೆಲ್ಲ ಬೆರಗಾಗಿದ್ದರು. ನಿಮ್ಮ ಕಿಟ್ ಲೆನ್ಸು 35 ಎಂಎಂಗೆ ಬರುವಷ್ಟರಲ್ಲಿ ಎಫ್4.5ಕ್ಕೆ ಇಳಿದಿರುತ್ತದೆ. ಇದು ಅಲ್ಲಿಯೂ ಎಫ್1.8ರಲ್ಲೇ ನಿಂತು ಆರು ಪಟ್ಟು ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಐಎಸ್‌ಒ 6400ರಲ್ಲಿ ಮರಳು ಮರಳಾಗಿ ಬರುತ್ತಿದ್ದ ಛತ್ರದ ಚಿತ್ರ ಐಎಸ್‌ಒ 1000ದಲ್ಲಿ ಬರುತ್ತದೆ. ಸಂಜೆ ಆರತಕ್ಷತೆಗೆ ಸೀರಿಯಲ್ ಸೆಟ್ ಬಿಟ್ಟರೆ ಬೇರೆ ಬೆಳಕೇ ಇಲ್ಲದ ಹಳ್ಳಿ ಚಪ್ಪರದಲ್ಲಿ ಕೆಲಸ ಮಾಡುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಅದೇ ಕಂಪನಿ 2025ರಲ್ಲಿ ಮಿರರ್‌ಲೆಸ್ ಕ್ಯಾಮೆರಾಗಳಿಗೆಂದೇ 17-40 ಎಫ್1.8 ತಂದಿದೆ. ಡಿಎಸ್‌ಎಲ್‌ಆರ್ ಬಿಟ್ಟು ಮುಂದೆ ಹೋದವರು ಹಳೆಯ 18-35ನ್ನು ಮಾರುತ್ತಿದ್ದಾರೆ. ನಿಮ್ಮ ಕೈಗೆ ಎಟುಕುವ ಬೆಲೆಗೆ ಅದು ಬಂದಿರುವುದು ಹೀಗೆ.

ಫೋಕಸ್ಸಿನ ದೂರು ಗಾಳಿಮಾತಲ್ಲ. ಲೆನ್ಸು ಹೊರಬಂದಾಗಲೇ ಪರೀಕ್ಷೆ ಮಾಡಿದವರು ಬರೆದಿದ್ದಾರೆ: ಗಾಜು ಅದ್ಭುತ, ಆದರೆ ಡಿಎಸ್‌ಎಲ್‌ಆರ್‌ನ ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ತೆಗೆದಾಗ ಫೋಕಸ್ ಒಮ್ಮೆ ಬಂದಂತೆ ಇನ್ನೊಮ್ಮೆ ಬರುವುದಿಲ್ಲ, ಅದರಲ್ಲೂ ಅಂಚಿನ ಪಾಯಿಂಟುಗಳಲ್ಲಿ. ಎಲ್ಲ ಲೆನ್ಸುಗಳೂ ಹಾಗಿಲ್ಲ. ಅಪ್ಪಟ ಸರಿಯಾದವೂ ನನ್ನ ಮೇಜಿನ ಮೇಲೆ ಬಂದುಹೋಗಿವೆ. ಹಾಗಾಗಿ "ಆ ಮಾಡೆಲ್ಲೇ ಸರಿಯಿಲ್ಲ" ಎನ್ನುವವರ ಮಾತೂ ಬೇಡ, "ನಂದು ಸೂಪರ್ ಇದೆ ಮಗಾ" ಎನ್ನುವವರ ಮಾತೂ ಬೇಡ. ನೀವು ಕೊಳ್ಳುತ್ತಿರುವ ಆ ಒಂದು ಲೆನ್ಸು, ನಿಮ್ಮ ಆ ಒಂದು ಬಾಡಿಯ ಮೇಲೆ ಏನು ಮಾಡುತ್ತದೆ ಎನ್ನುವುದಷ್ಟೇ ನಿಮಗೆ ಬೇಕಾದ ಸಂಗತಿ.

ತೊಂದರೆ ಎಲ್ಲಿ ಹುಟ್ಟುತ್ತದೆ ಎಂದು ಸ್ವಲ್ಪ ಕೇಳಿ. ಡಿಎಸ್‌ಎಲ್‌ಆರ್‌ನಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಬೇರೆ, ಫೋಕಸ್ ನೋಡುವ ಸೆನ್ಸರ್ ಬೇರೆ. ಎರಡನೆಯದು ಕನ್ನಡಿ ಪೆಟ್ಟಿಗೆಯ ತಳದಲ್ಲಿರುತ್ತದೆ. ದೊಡ್ಡ ಕನ್ನಡಿಯ ಹಿಂದಿರುವ ಪುಟ್ಟ ಕನ್ನಡಿಯೊಂದು ಅದಕ್ಕೆ ಬೆಳಕು ಬಗ್ಗಿಸಿ ಕೊಡುತ್ತದೆ. ಈ ಎರಡು ದಾರಿಗಳ ಅಳತೆ ಕೂದಲೆಳೆಯಷ್ಟು ಹೊಂದದಿದ್ದರೂ ಫೋಕಸ್ ಹಿಂದೆ ಮುಂದೆ ಆಗುತ್ತದೆ. ಅದರ ಮೇಲೆ ಇನ್ನೊಂದು: ಅನೇಕ ಬಾಡಿಗಳ ಫೋಕಸ್ ಪಾಯಿಂಟುಗಳು ಎಫ್5.6ರ ಲೆನ್ಸಿಗೆ ಸಾಕಾಗುವಷ್ಟು ನಿಖರತೆಗೆ ಮಾಡಿದವು. ಕ್ಯಾನನ್ 1200ಡಿಯಲ್ಲಿ ಇರುವ ಒಂಬತ್ತು ಪಾಯಿಂಟುಗಳಲ್ಲಿ ಅಡ್ಡ-ಉದ್ದ ಎರಡೂ ನೋಡುವ ಕ್ರಾಸ್ ಪಾಯಿಂಟ್ ನಡುವಿನದೊಂದೇ. ನಿಕಾನ್ ಡಿ3400ರ ಹನ್ನೊಂದರಲ್ಲೂ ಹಾಗೆಯೇ. ಎಫ್5.6ರಲ್ಲಿ ಸೆನ್ಸರಿನ ಬಳಿ ಸುಮಾರು 0.2 ಮಿಲಿಮೀಟರಿನಷ್ಟು ತಪ್ಪಿಗೆ ಜಾಗವಿರುತ್ತದೆ. ಎಫ್1.8ಕ್ಕೆ ಬಂದರೆ ಅದು 0.07ಕ್ಕೆ ಇಳಿಯುತ್ತದೆ. ಕಿಟ್ ಲೆನ್ಸಿನಲ್ಲಿ ಆ ಬಾಡಿ ಇಷ್ಟು ದಿನ ತಪ್ಪೇ ಮಾಡುತ್ತಿರಲಿಲ್ಲ ಎಂದಲ್ಲ. ಮಾಡಿದ ತಪ್ಪು ಕಾಣುತ್ತಿರಲಿಲ್ಲ, ಅಷ್ಟೆ. ಜೊತೆಗೆ, ಬೇರೆ ಕಂಪನಿಯ ಲೆನ್ಸುಗಳು ಕ್ಯಾಮೆರಾದ ಮಾತನ್ನು ತಾವಾಗಿಯೇ ಕೇಳಿಸಿಕೊಂಡು ಕಲಿತವು, ಬಾಡಿ ಮಾಡಿದವರು ಕೂತು ಕಲಿಸಿದ್ದಲ್ಲ.

ಮಂಟಪದಲ್ಲಿ ಇದರ ಅರ್ಥವೇನು? 35 ಎಂಎಂ, ಎಫ್1.8, ಎರಡು ಮೀಟರು ದೂರ: ಚೊಕ್ಕವಾಗಿ ಕಾಣುವ ಆಳ ಸುಮಾರು 22 ಸೆಂಟಿಮೀಟರು. ಪುರೋಹಿತರ ಭುಜದ ಪಕ್ಕದಿಂದ ತೂರಿ ಒಂದು ಮೀಟರಿಗೆ ಹೋದಿರೋ, ಐದಾರು ಸೆಂಟಿಮೀಟರು. ಮದುಮಗಳ ಮೂಗುತಿ ಚೊಕ್ಕ, ಕಿವಿಯ ಜುಮುಕಿ ಮಸುಕು. ಇಷ್ಟು ತೆಳು ಜಾಗದಲ್ಲಿ ಲೆನ್ಸು ಎಡವಿದರೆ ಮೂಗುತಿಯೂ ಇಲ್ಲ, ಜುಮುಕಿಯೂ ಇಲ್ಲ.

ಪಕ್ಕದ ತಾಲ್ಲೂಕಿನ ಹುಡುಗನೊಬ್ಬ ಹಾರ್ಡ್ ಡಿಸ್ಕ್ ಹಿಡಿದು ನನ್ನ ಬಳಿ ಬಂದಿದ್ದ. ಲೆನ್ಸು ಯಾವ ಕಂಪನಿಯದೆಂಬುದು ಬೇಡ, ವೇಗದ ಜೂಮೇ. ಧಾರೆಯ ಚಿತ್ರಗಳೆಲ್ಲ ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ಚೆನ್ನಾಗಿಯೇ ಕಂಡಿದ್ದವು. ಆಲ್ಬಮ್ಮಿನ 12x36 ಹಾಳೆಗೆ ಏರಿಸಿದಾಗ ಬಣ್ಣ ಬಯಲಾಯಿತು. ಜೀರಿಗೆ ಬೆಲ್ಲ ಹಾಕುವ ಕ್ಷಣದಲ್ಲಿ ವಧೂವರರ ಕಣ್ಣುಗಳು ಹಾಲಿನೊಳಗೆ ಅದ್ದಿದಂತೆ, ಹಿಂದೆ ನಿಂತ ಸೋದರತ್ತೆಯ ಸೀರೆಯ ಜರಿಯ ಎಳೆ ಎಳೆ ಮಾತ್ರ ಎಣಿಸುವಷ್ಟು ಸ್ಪಷ್ಟ. "ಸಾಫ್ಟ್‌ವೇರಲ್ಲಿ ಸರಿ ಮಾಡಬಹುದಾ ಸಾರ್?" ಎಂದ. ಎಲ್ಲೋ ಕೂತ ಫೋಕಸ್ಸನ್ನು ಎತ್ತಿ ತಂದು ಕಣ್ಣಿಗೆ ಕೂರಿಸುವ ಸಾಫ್ಟ್‌ವೇರ್ ಇಲ್ಲ. ಶಾರ್ಪ್ ಮಾಡಿದರೆ ಮಸುಕೇ ಗಟ್ಟಿಯಾಗುತ್ತದೆ. ಹೆಣ್ಣಿನ ಮನೆಯವರು ಸಜ್ಜನರು, ಬೈಯಲಿಲ್ಲ. ಬಾಕಿ ಹಣವನ್ನೂ ಕೊಡಲಿಲ್ಲ. ಅವರನ್ನು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಅಂತರಪಟ ಸರಿಯುವುದು ಒಂದೇ ಸಲ. "ಇನ್ನೊಂದ್ಸಲ ಹಾಕಿ" ಎಂದು ನಾವು ಕೇಳಿದರೆ ಹಾರ ಹಾಕುತ್ತಾರೆಯೇ ಹೊರತು ತಾಳಿ ಕಟ್ಟುವುದಿಲ್ಲ.

ಹಾಗೆಂದು ಕೊಳ್ಳಲೇಬೇಡಿ ಎನ್ನುತ್ತಿಲ್ಲ. ಲೆನ್ಸಿನ ದೋಷದಲ್ಲಿ ಎರಡು ಜಾತಿ ಇವೆ. ಯಾವಾಗಲೂ ಐದೇ ನಿಮಿಷ ಮುಂದಿರುವ ಗೋಡೆ ಗಡಿಯಾರದಿಂದ ಒಂದು ಮನೆ ಜೀವಮಾನವಿಡೀ ಸರಿಯಾಗಿ ನಡೆಯಬಹುದು. ಇಂದು ಐದು ನಿಮಿಷ ಮುಂದೆ, ನಾಳೆ ಏಳು ನಿಮಿಷ ಹಿಂದೆ ಎನ್ನುವ ಗಡಿಯಾರವನ್ನು ಇಳಿಸಿಡಬೇಕು. ಫೋಕಸ್ ಯಾವಾಗಲೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ತಪ್ಪುತ್ತಿದ್ದರೆ ಅದಕ್ಕೆ ಮದ್ದಿದೆ. ಒಮ್ಮೆ ಹಿಂದೆ, ಒಮ್ಮೆ ಮುಂದೆ, ಒಮ್ಮೆ ಸರಿ ಎನ್ನುವ ಲೆನ್ಸಿಗೆ ಮೆನುವಿನಲ್ಲಿ ಮದ್ದಿಲ್ಲ. ನೀವು ಅಂಗಡಿಗೋ ಮಾರುವವರ ಮನೆಗೋ ಹೋಗುವುದು ಇವೆರಡರಲ್ಲಿ ಯಾವುದು ಎಂದು ಕಂಡುಕೊಳ್ಳುವುದಕ್ಕೆ. ಗೀರು, ಫಂಗಸ್, ಪೆಟ್ಟಿಗೆ, ಬಿಲ್ಲು ಎಲ್ಲ ಆಮೇಲಿನ ಮಾತು.

ಕಂಡುಕೊಳ್ಳುವುದು ಕಷ್ಟವಲ್ಲ, ತಾಳ್ಮೆ ಬೇಕು. ನಿಮ್ಮದೇ ಬಾಡಿ ಒಯ್ಯಿರಿ. ಮಾರುವವರ ಬಾಡಿಯ ಮೇಲೆ ಅದು ಹೇಗಿದ್ದರೆ ನಿಮಗೇನು? ಟ್ರೈಪಾಡ್ ಒಯ್ಯಿರಿ. ಪೆನ್‌ಸೆಲ್‌ಗಳನ್ನು ಮೇಜಿನ ಮೇಲೆ ಓರೆಯಾಗಿ, ಒಂದರ ಹಿಂದೊಂದು ಎರಡೆರಡು ಬೆರಳಿನ ಅಂತರದಲ್ಲಿ ನಿಲ್ಲಿಸಿ, ಅಕ್ಷರಗಳು ನಿಮ್ಮ ಕಡೆಗಿರಲಿ. ಎಫ್1.8ಕ್ಕೆ ಇಟ್ಟು, ವ್ಯೂಫೈಂಡರಿನಲ್ಲಿ ನಡುವಿನ ಪಾಯಿಂಟನ್ನು ನಡುವಿನ ಸೆಲ್ಲಿನ ಮೇಲೆ ಕೂರಿಸಿ ತೆಗೆಯಿರಿ. ಪ್ರತಿ ಚಿತ್ರಕ್ಕೂ ಮೊದಲು ಫೋಕಸ್ ರಿಂಗನ್ನು ಕೈಯಿಂದ ಪೂರ್ತಿ ಕೆಡಿಸಿ, ಒಮ್ಮೆ ಹತ್ತಿರಕ್ಕೆ, ಒಮ್ಮೆ ಅನಂತಕ್ಕೆ. ಇದನ್ನು ಬಹಳ ಜನ ಬಿಡುತ್ತಾರೆ. ಬಿಟ್ಟರೆ ಲೆನ್ಸು ಮೊದಲು ನಿಂತ ಜಾಗದಲ್ಲೇ ನಿಂತಿರುತ್ತದೆ, ನೀವು ಹತ್ತು ಸಲ ಒಂದೇ ಚಿತ್ರ ತೆಗೆದು "ಬಲೇ ಸ್ಥಿರ" ಎಂದುಕೊಳ್ಳುತ್ತೀರಿ. ಹೀಗೆ ಹತ್ತು ಹದಿನೈದು ತೆಗೆದ ಮೇಲೆ ಲೈವ್ ವ್ಯೂಗೆ ಬನ್ನಿ. ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ ಅದೇ ಸೆಲ್ಲಿಗೆ ಫೋಕಸ್ ಮಾಡಿ ತೆಗೆಯಿರಿ. ಈ ಲೈವ್ ವ್ಯೂ ಚಿತ್ರವೇ ನಿಮ್ಮ ಅಳತೆಗೋಲು, ಏಕೆಂದರೆ ಅಲ್ಲಿ ಫೋಕಸ್ ನೋಡುವುದು ಚಿತ್ರ ಹಿಡಿಯುವ ಸೆನ್ಸರೇ. ಅದೂ ಮಸುಕಾಗಿದ್ದರೆ ಗಾಜಿನಲ್ಲೇ ಐಬಿದೆ, ಎದ್ದು ಬನ್ನಿ. ಅದು ಚೊಕ್ಕವಾಗಿದ್ದು ವ್ಯೂಫೈಂಡರಿನವೆಲ್ಲ ಒಂದೇ ಕಡೆಗೆ ವಾಲಿದ್ದರೆ ಮಾತಾಡಬಹುದು. ಅವು ಚೆಲ್ಲಾಪಿಲ್ಲಿಯಾಗಿದ್ದರೆ ಮಾರುವವರಿಗೆ ನಮಸ್ಕಾರ ಹೇಳಿ, ಟೀ ಕೊಟ್ಟರೆ ಕುಡಿದು, ಮನೆಗೆ ಬನ್ನಿ.

ಇದನ್ನೇ ಅಂಚಿನ ಪಾಯಿಂಟುಗಳಲ್ಲಿ ಮಾಡಿ, 18ರಲ್ಲಿ ಮಾಡಿ, 35ರಲ್ಲಿ ಮಾಡಿ, ಒಂದು ಮೀಟರಿನಲ್ಲೂ ಮೂರು ಮೀಟರಿನಲ್ಲೂ ಮಾಡಿ. ಟ್ಯೂಬ್‌ಲೈಟು ಆರಿಸಿ ಹಳದಿ ಬಲ್ಬಿನಲ್ಲೂ ಒಮ್ಮೆ ನೋಡಿ. ಫೋಕಸ್ ನೋಡುವ ಸೆನ್ಸರು ಬೆಳಕಿನ ಬಣ್ಣಕ್ಕೆ ಮೋಸಹೋಗುವುದುಂಟು, ಹಗಲು ಸರಿಯಿದ್ದದ್ದು ರಾತ್ರಿ ಆರತಕ್ಷತೆಯಲ್ಲಿ ಹಿಂದೆ ಸರಿಯುವುದನ್ನು ನಾನೇ ನೋಡಿದ್ದೇನೆ. ಆಮೇಲೆ ಮಾರುವವರ ಮನೆಯ ಮಗುವನ್ನು ಓಡಾಡಲು ಬಿಟ್ಟು ತೆಗೆಯಿರಿ. ಸೆಲ್ಲುಗಳು ಕದಲುವುದಿಲ್ಲ, ಮದುವೆ ಮನೆಯಲ್ಲಿ ಕದಲದೆ ಇರುವವರು ಯಾರೂ ಇಲ್ಲ. ಚಿತ್ರಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನೋಡುವವರೆಗೆ ದುಡ್ಡು ಜೇಬಿನಲ್ಲೇ ಇರಲಿ. ಇಷ್ಟಕ್ಕೆ ಒಪ್ಪದ ಮಾರಾಟಗಾರ ಎಷ್ಟೇ ಕಡಿಮೆ ಬೆಲೆ ಹೇಳಿದರೂ ಅದು ಕಡಿಮೆಯಲ್ಲ.

ಒಂದೇ ಕಡೆ ವಾಲುವ ಲೆನ್ಸಿಗೆ ಮದ್ದು ಎಂದೆನಲ್ಲ, ಅದೂ ಎಲ್ಲ ಬಾಡಿಯಲ್ಲಿ ಇಲ್ಲ. ಕ್ಯಾನನ್ 70ಡಿ, 80ಡಿಗಳಲ್ಲಿ, ನಿಕಾನ್ ಡಿ7000ದಿಂದ ಮೇಲಿನ ಬಾಡಿಗಳಲ್ಲಿ ಫೋಕಸ್ಸನ್ನು ತುಸು ಹಿಂದೆ ಮುಂದೆ ತಿದ್ದುವ ವ್ಯವಸ್ಥೆ ಮೆನುವಿನಲ್ಲಿದೆ. ಕ್ಯಾನನ್ 700ಡಿ, 1200ಡಿಗಳಲ್ಲಿ, ನಿಕಾನ್‌ನ 3000, 5000 ಸಾಲಿನಲ್ಲಿ ಇಲ್ಲ. ನಮ್ಮ ಹುಡುಗರ ಕೈಯಲ್ಲಿ ಹೆಚ್ಚಾಗಿ ಇರುವುದು ಇವೇ. ಅಂಥವರಿಗೆ ದಾರಿ ಸಿಗ್ಮಾದ ಯುಎಸ್‌ಬಿ ಡಾಕ್. ಲೆನ್ಸನ್ನು ಅದಕ್ಕೆ ಸಿಕ್ಕಿಸಿ ಕಂಪ್ಯೂಟರಿಗೆ ಜೋಡಿಸಿದರೆ, ನಾಲ್ಕು ಜೂಮ್ ಅಳತೆ, ಒಂದೊಂದರಲ್ಲಿ ನಾಲ್ಕು ದೂರ, ಒಟ್ಟು 16 ಕಡೆ ಬೇರೆ ಬೇರೆಯಾಗಿ ತಿದ್ದಬಹುದು. ತಿದ್ದುಪಡಿ ಲೆನ್ಸಿನೊಳಗೇ ಉಳಿಯುತ್ತದೆ. ಒಂದು ಭಾನುವಾರ ಪೂರ್ತಿ ಹೋಗುತ್ತದೆ, ಹೆಂಡತಿಯೋ ಗಂಡನೋ ಗೊಣಗುವುದು ಖಂಡಿತ, ಆದರೂ ಮಾಡುವಂಥದ್ದೇ. ಡಾಕ್ ಸಮೇತ ಮಾರುವವರು ಸಿಕ್ಕರೆ ಒಂದಿಷ್ಟು ಹೆಚ್ಚು ಕೊಡಿ. ಆ ಡಾಕ್ ಹೇಳುವ ಇನ್ನೊಂದು ಸಂಗತಿಯೂ ಇದೆ: ಹಿಂದಿನವರು ಎಲ್ಲೆಲ್ಲಿ ಎಷ್ಟೆಷ್ಟು ತಿದ್ದಿದ್ದಾರೆ ಎಂಬುದು ಅದರಲ್ಲಿ ಕಾಣುತ್ತದೆ. ಅವರ ಬಾಡಿಗೆ ತಿದ್ದಿದ್ದು ನಿಮ್ಮ ಬಾಡಿಗೆ ಆಗಬೇಕೆಂದಿಲ್ಲ, ಎಲ್ಲ ಸೊನ್ನೆಗೆ ತಂದು ಹೊಸದಾಗಿ ನೋಡಿ.

ನಿಮ್ಮಲ್ಲಿ ಕೆಲವರು ಎದೆ ತಟ್ಟಿ ಹೇಳುತ್ತೀರಿ: "ಆಟೋಫೋಕಸ್ ಹಾಳಾಗಲಿ, ನಾನು ಮ್ಯಾನುವಲ್ ಮಾಡ್ತೀನಿ. ಪೆರುಮಾಳ್ ಮಾಡ್ಲಿಲ್ವಾ, ತೇಜಸ್ವಿ ಮಾಡ್ಲಿಲ್ವಾ?" ಮಾಡಿದರು ನಿಜ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಆಟೋಫೋಕಸ್ಸಿನ ಹೆಸರೂ ಇಲ್ಲದ ದಿನಗಳಲ್ಲಿ ಕಾಡಿನಲ್ಲಿ ಕೂತು ತೆಗೆದ ಚಿತ್ರಗಳ ಮುಂದೆ ನಮ್ಮದು ಏನೂ ಅಲ್ಲ. ಆದರೆ ಆ ಕಾಲದ ಕ್ಯಾಮೆರಾಗಳ ಫೋಕಸ್ ಪರದೆಯನ್ನು ಮಾಡಿದ್ದೇ ಕೈಯಿಂದ ಫೋಕಸ್ ಮಾಡುವವರಿಗಾಗಿ. ಅನೇಕವುಗಳಲ್ಲಿ ನಡುವೆ ಚಿತ್ರ ಎರಡಾಗಿ ಸೀಳಿ, ಫೋಕಸ್ ಕೂತಾಗ ಒಂದಾಗುತ್ತಿತ್ತು. ನಿಮ್ಮ ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್ ಚಿಕ್ಕದು. ಅದರ ಪರದೆ ಬೆಳಕು ಹೆಚ್ಚು ಕಾಣಲೆಂದು ಮಾಡಿದ್ದು, ಎಫ್1.8ರ ನಿಜವಾದ ಮಸುಕನ್ನು ಅದು ತೋರಿಸುವುದೇ ಇಲ್ಲ. ನಿಮ್ಮ ಕಣ್ಣಿಗೆ ಚೊಕ್ಕ ಕಂಡದ್ದು ಚಿತ್ರದಲ್ಲಿ ಚೊಕ್ಕ ಇರುವುದಿಲ್ಲ. ನಿಮ್ಮ ಕಣ್ಣಿನ ತಪ್ಪಲ್ಲ ಅದು.

ಹಾಗಾದರೆ ಯಾರು ಕೊಳ್ಳಬೇಕು? ಮಿರರ್‌ಲೆಸ್ ಇರುವವರು ಧೈರ್ಯವಾಗಿ ನೋಡಬಹುದು. ಅಲ್ಲಿ ಬೇರೆ ಫೋಕಸ್ ಸೆನ್ಸರೂ ಇಲ್ಲ, ಪುಟ್ಟ ಕನ್ನಡಿಯೂ ಇಲ್ಲ, ಹಾಗಾಗಿ ಎರಡು ದಾರಿಯ ಜಗಳವೂ ಇಲ್ಲ. ಕ್ಯಾನನ್ ಆರ್7, ಆರ್10ರಂಥ ಬಾಡಿಗೆ ಅಡಾಪ್ಟರ್ ಹಾಕಿ ಇದೇ ಲೆನ್ಸನ್ನು ಸಿಕ್ಕಿಸಿದರೆ, ಡಿಎಸ್‌ಎಲ್‌ಆರ್‌ನಲ್ಲಿ ಕುಡಿದವರಂತೆ ತೂರಾಡುತ್ತಿದ್ದ ಫೋಕಸ್ ಕಣ್ಣಿನ ರೆಪ್ಪೆಯ ಮೇಲೆ ಕೂರುವುದನ್ನು ನೋಡಬಹುದು. ಫರ್ಮ್‌ವೇರ್ ಹೊಸದಿದೆಯೇ ಎಂದು ಮಾತ್ರ ಕೇಳಿಕೊಳ್ಳಿ. 70ಡಿ, 80ಡಿ ಇಟ್ಟುಕೊಂಡವರು ಲೈವ್ ವ್ಯೂನಲ್ಲಿ ಕೆಲಸ ಮಾಡಲು ಸಿದ್ಧರಿದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. 2013ರಲ್ಲೇ ಬಂದ 70ಡಿಯಲ್ಲಿ ಚಿತ್ರದ ಸೆನ್ಸರೇ ಫೋಕಸ್ ಮಾಡುವ ಡ್ಯುಯಲ್ ಪಿಕ್ಸೆಲ್ ಇದೆ. ಬಿಸಿಲಿಗೆ ಪರದೆ ಕಾಣುವುದಿಲ್ಲ ಎಂಬ ತಕರಾರು ಸರಿಯೇ, ಮಂಟಪದೊಳಗೆ ಆ ತಕರಾರಿಲ್ಲ. ಕಿರುಚಿತ್ರ, ವಿಡಿಯೋ ಮಾಡುವವರಿಗಂತೂ ಈ ಲೆನ್ಸು ಮುದ್ದು. ಜೂಮ್ ತಿರುಗಿಸಿದರೂ ಫೋಕಸ್ ತಿರುಗಿಸಿದರೂ ಉದ್ದ ಬದಲಾಗುವುದಿಲ್ಲ, ಅವರಲ್ಲಿ ಬಹಳ ಮಂದಿ ಫೋಕಸ್ಸನ್ನು ಕೈಯಲ್ಲೇ ಎಳೆಯುತ್ತಾರೆ.

1200ಡಿ ಅಥವಾ ಡಿ3400 ಹಿಡಿದು, ಒಬ್ಬರೇ ಹೋಗಿ, ವ್ಯೂಫೈಂಡರಿನಲ್ಲಿ ಕಣ್ಣಿಟ್ಟು, ಅಂಚಿನ ಪಾಯಿಂಟಿನಿಂದ ಧಾರೆ ತೆಗೆಯುವವರೇ, ನಿಮ್ಮನ್ನು ಕೈಮುಗಿದು ಕೇಳುತ್ತೇನೆ: ಸಾಲ ಮಾಡಿ ಇದನ್ನು ಕೊಳ್ಳಬೇಡಿ. ನಿಕಾನ್‌ನವರಿಗೆ 35 ಎಂಎಂ ಎಫ್1.8 ಡಿಎಕ್ಸ್ ಇದೆ, ಕ್ಯಾನನ್‌ನವರಿಗೆ 50 ಎಂಎಂ ಎಫ್1.8 ಎಸ್‌ಟಿಎಂ ಇದೆ. ಎರಡೂ ಅಗ್ಗ, ಎರಡೂ ಬಾಡಿ ಮಾಡಿದವರದೇ. ಎಫ್5.6ಕ್ಕೆ ಮಾಡಿದ ಪಾಯಿಂಟುಗಳ ಕಷ್ಟ ಇವಕ್ಕೂ ಇದೆ, ನಡುವಿನ ಪಾಯಿಂಟನ್ನೇ ನಂಬಿ, ಎಫ್2.5ರ ಆಸುಪಾಸು ಇಡಿ. ಜೂಮೇ ಬೇಕೆಂದರೆ ಕ್ಯಾನನ್‌ನ ಹಳೆಯ 17-55 ಎಫ್2.8 ಹುಡುಕಿ. ಅದು ಎಫ್1.8ಕ್ಕಿಂತ ಸುಮಾರು ಒಂದೂಕಾಲು ಸ್ಟಾಪ್ ಕತ್ತಲೆ, ಆದರೆ ಕೈ ನಡುಕ ತಡೆಯುವ ವ್ಯವಸ್ಥೆ ಅದರಲ್ಲಿದೆ, 18-35ರಲ್ಲಿ ಇಲ್ಲ. ಐಎಸ್‌ಒ ಹೆಚ್ಚಿಸಿದರೆ ಬರುವ ಮರಳನ್ನು ಮನೆಯವರು ಗಮನಿಸುವುದೂ ಇಲ್ಲ. ಕಣ್ಣು ಮಸುಕಾದರೆ ಅಜ್ಜಿಗೂ ಗೊತ್ತಾಗುತ್ತದೆ.

ಇನ್ನು ಮಾರುವವರಿಗೆ ಎರಡು ಮಾತು, ಏಕೆಂದರೆ ಇಂದು ಕೊಳ್ಳುವವರೇ ಮುಂದಿನ ಆಷಾಢಕ್ಕೆ ಮಾರುವವರು. ಫೋಕಸ್ ತೂರಾಡುವ ಲೆನ್ಸೊಂದು ಜಿಲ್ಲೆಯೊಳಗೆ ಸ್ಟುಡಿಯೋದಿಂದ ಸ್ಟುಡಿಯೋಗೆ ತಿರುಗುತ್ತಿರುತ್ತದೆ. ಪ್ರತಿ ಸಲವೂ "ಮಿಂಟ್ ಕಂಡೀಶನ್", ಪ್ರತಿ ಸಲವೂ "ಅಪ್‌ಗ್ರೇಡ್ ಮಾಡ್ತಿದೀನಿ ಅದಕ್ಕೇ". ಕೊನೆಗೆ ಅದು ಬಂದು ನಿಲ್ಲುವುದು ಪರೀಕ್ಷೆ ಮಾಡಲು ಗೊತ್ತಿಲ್ಲದ, ಕಂತಿನಲ್ಲಿ ಕಾಸು ಕೂಡಿಸಿದ ಹೊಸ ಹುಡುಗನ ಕೈಯಲ್ಲಿ. ದಯವಿಟ್ಟು ಹೇಳಿ ಮಾರಿ: ಇಂಥ ಬಾಡಿಯಲ್ಲಿ ಹೀಗೆ ಮಾಡುತ್ತಿತ್ತು, ಲೈವ್ ವ್ಯೂನಲ್ಲಿ ಸರಿಯಿತ್ತು, ಇಷ್ಟು ತಿದ್ದಿದ್ದೆ ಎಂದು. ಒಂದೆರಡು ಸಾವಿರ ಕಡಿಮೆ ಬರಬಹುದು. ಮಿರರ್‌ಲೆಸ್ ಇರುವವರು ಸಂತೋಷದಿಂದಲೇ ಒಯ್ಯುತ್ತಾರೆ, ಅವರಿಗೆ ಆ ದೋಷ ದೋಷವೇ ಅಲ್ಲ.

ಹಿರಿಯ ಸ್ಟುಡಿಯೋ ಮಾಲೀಕರಲ್ಲೂ ಇದೇ ಪತ್ರದಲ್ಲಿ ಒಂದು ಕೋರಿಕೆ. ಹುಡುಗರು ಪರೀಕ್ಷೆಗೆಂದು ಬಂದರೆ ನಿಮ್ಮ ಟ್ರೈಪಾಡ್, ನಿಮ್ಮ ಮೇಜು, ನಿಮ್ಮ ಒಂದು ಗಂಟೆ ಕೊಡಿ. ಡಾಕ್ ಇದ್ದವರು ಎರವಲು ಕೊಡಿ. ಊರಿಗೊಂದು ಡಾಕ್ ಸಾಕು.

ನನ್ನ ಸ್ಟುಡಿಯೋದಲ್ಲಿ ಮೇಜು ಖಾಲಿ ಮಾಡಿಸಿದ್ದೇನೆ, ಸೆಲ್ಲುಗಳನ್ನೂ ಇಟ್ಟಿದ್ದೇನೆ. ಶ್ರಾವಣ ಹುಟ್ಟುವವರೆಗೆ ಯಾವ ಸಂಜೆಯಾದರೂ ನಿಮ್ಮ ಬಾಡಿ, ನೀವು ಕೊಳ್ಳಬೇಕೆಂದಿರುವ ಲೆನ್ಸು, ಸಾಧ್ಯವಾದರೆ ಅದನ್ನು ಮಾರುವವರನ್ನೂ ಕರೆದುಕೊಂಡು ಬನ್ನಿ. ಬರುವ ಮೊದಲು ಬ್ಯಾಟರಿ ಚಾರ್ಜ್ ಮಾಡಿಕೊಳ್ಳಿ, ಲೈವ್ ವ್ಯೂ ಬೇಗ ಕುಡಿದುಬಿಡುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ತಾಲ್ಲೂಕು ಕೇಂದ್ರದ ಒಬ್ಬ ಹಳೆಯ ಸ್ಟುಡಿಯೋ ಛಾಯಾಗ್ರಾಹಕ